ವಿದ್ಯುತ್ ಸ್ಥಾವರ ಕೆಡವುವಾಗ ಸೇಫ್ಟಿ ಆಡಿಟ್: ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ವಿದ್ಯುತ್ ಸ್ಥಾವರಗಳನ್ನು ಬಿಚ್ಚುವ, ಕೆಡವುವ ಕೆಲಸಕ್ಕೆ ಹಾಸನ, ಅರಸೀಕೆರೆ, ಕಡೂರು ಕಡೆಯಿಂದಲೂ ಜನ ಹೋಗುತ್ತಾರೆ. ಗ್ಯಾಸ್ ಕಟ್ಟರ್‌ಗಳು, ಭಾರ ಕಟ್ಟಿ ಎತ್ತಿಸುವ ರಿಗ್ಗರ್‌ಗಳು, ಗುಜರಿ ಕಂಟ್ರಾಕ್ಟರ್‌ಗಳು, ಡಿಪ್ಲೊಮಾ ಮುಗಿಸಿದ ಹುಡುಗರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವು ಉತ್ತರ ಉದ್ದ ಆಗಿವೆ. ಜೀವ ಹೋಗುವುದು ಅಂಥ ಕಡೆಯೇ, ಅದಕ್ಕೆ.

ಹಾಸನದಲ್ಲಿ ಥರ್ಮಲ್ ಸ್ಟೇಷನ್ನೇ ಇಲ್ಲ. ಇದೆಲ್ಲ ನಮಗ್ಯಾಕೆ?

ಸ್ಟೇಷನ್ ಇಲ್ಲ, ನಿಜ. ಕೆಲಸ ಮಾಡುವವರು ಇದ್ದಾರಲ್ಲ. ರಾಯಚೂರಿನ ಶಕ್ತಿನಗರದ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ದೇಶದ ಬೇರೆ ಕಡೆ ಅದಕ್ಕಿಂತ ಹಳೆಯವು ಆಗಲೇ ಮುಚ್ಚಿವೆ. ಚೆನ್ನೈ ಹತ್ತಿರದ ಎನ್ನೋರ್ 2017ರಲ್ಲಿ, ದೆಹಲಿಯ ಬದರ್‌ಪುರ 2018ರಲ್ಲಿ ನಿಂತಿತು. ಪಂಜಾಬಿನ ಬಟಿಂಡಾ ಸ್ಥಾವರವೂ ಮುಚ್ಚಿದೆ. ಮುಚ್ಚಿದ್ದನ್ನು ಯಾರಾದರೂ ಬಿಚ್ಚಲೇಬೇಕು. ಹಾಗಾಗಿ ಈ ಕೆಲಸ ಮುಂದೆ ಜಾಸ್ತಿಯೇ ಆಗುತ್ತದೆ.

ಇನ್ನು ನಮ್ಮ ಊರಿನಲ್ಲೇ ನೋಡಿ. ರೈಸ್ ಮಿಲ್ಲಿನ ಹಳೇ ಬಾಯ್ಲರ್, ಸಕ್ಕರೆ ಕಾರ್ಖಾನೆಯ ಟರ್ಬೈನ್ ಶೆಡ್ಡು, ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಶೀಟಿನ ಮಾಡು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಹಳ್ಳದ ನೀರಿಗೆ ಕೂಡಿಸಿದ ಸಣ್ಣ ಪವರ್ ಹೌಸ್. ಗಾತ್ರ ಚಿಕ್ಕದು, ಅಪಾಯದ ಜಾತಿ ಒಂದೇ.

ಸೇಫ್ಟಿ ಆಡಿಟ್ ಅಂದರೆ ಏನು? ಸೇಫ್ಟಿ ಆಫೀಸರ್ ದಿನಾ ಸುತ್ತುತ್ತಾರಲ್ಲ, ಅದೇ ಅಲ್ವಾ?

ಅಲ್ಲ. ಸೇಫ್ಟಿ ಆಫೀಸರ್ ಸುತ್ತುವಾಗ ಸಿಲಿಂಡರಿಗೆ ಚೈನ್ ಹಾಕಿದ್ದಾರಾ ಅಂತ ನೋಡುತ್ತಾರೆ. ಹಾಕಿಲ್ಲದಿದ್ದರೆ ಹಾಕಿಸುತ್ತಾರೆ. ಆಡಿಟರ್ ಕೇಳುವುದು ಅದರ ಹಿಂದಿನದ್ದು. ಚೈನ್ ಯಾಕೆ ಹಾಕಿರಲಿಲ್ಲ? ಸ್ಟೋರಿನಲ್ಲಿ ಚೈನ್ ಇತ್ತಾ? ಅದನ್ನು ನೋಡಬೇಕಾದವರು ಯಾರು? ಅವರಿಗೆ ಒಂದೇ ದಿನ ಮೂರು ಕಡೆ ಡ್ಯೂಟಿ ಹಾಕಿದ್ದು ಯಾರು? ಹೀಗೆ ಹಿಂದೆ ಹಿಂದೆ ಹೋಗಿ ವ್ಯವಸ್ಥೆಯ ತೂತು ಹುಡುಕುವುದು ಆಡಿಟ್.

ಇದಕ್ಕೆ ಭಾರತೀಯ ಮಾನಕ ಇದೆ, ಐಎಸ್ 14489. 1998ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆ ಆಯಿತು. ಕಟ್ಟಡ ಕೆಡವುವುದಕ್ಕೇ ಬೇರೆ ಮಾನಕ ಇದೆ, ಐಎಸ್ 4130. ಎರಡನ್ನೂ ಆಡಿಟರ್ ಕೈಯಲ್ಲಿ ಹಿಡಿದಿರಬೇಕು. ಆದರೆ ಒಂದು ಮಾತು. ನಡೆಯುತ್ತಿರುವ ಕಾರ್ಖಾನೆ ಇವತ್ತು ಹೇಗಿದೆಯೋ ಮುಂದಿನ ತಿಂಗಳೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಅಲ್ಲಿ ವರ್ಷಕ್ಕೊಂದು ಆಡಿಟ್ ನಡೆಯಬಹುದು. ಕೆಡವುವ ಸೈಟ್ ಪ್ರತಿ ಸಂಜೆ ಬೇರೆ ಕಟ್ಟಡವಾಗಿರುತ್ತದೆ. ಸೋಮವಾರ ಬರೆದ ವರದಿ ಗುರುವಾರ ಬೇರೆ ಯಾವುದೋ ಕಟ್ಟಡದ ವರದಿ. ಇದನ್ನು ಒಪ್ಪಿಕೊಳ್ಳದ ಆಡಿಟ್ ಫೈಲಿಗೆ ಮಾತ್ರ ಉಪಯೋಗ.

ಕಟ್ಟುವುದಕ್ಕಿಂತ ಕೆಡವುವುದು ಸುಲಭ ಅಲ್ವಾ? ಇದರಲ್ಲಿ ಅಷ್ಟೇನು ಅಪಾಯ?

ಕಟ್ಟುವಾಗ ದಿನದಿಂದ ದಿನಕ್ಕೆ ಕಟ್ಟಡಕ್ಕೆ ಬಲ ಬರುತ್ತದೆ. ಕೆಡವುವಾಗ ದಿನದಿಂದ ದಿನಕ್ಕೆ ಹೋಗುತ್ತದೆ. ಎಷ್ಟು ಹೋಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅರ್ಧ ಕೊಯ್ದ ಕಾಲಂ ನಿಂತೇ ಇರುತ್ತದೆ. ನಿಂತಿದೆ ಅಂದ ಮಾತ್ರಕ್ಕೆ ಭದ್ರವಾಗಿದೆ ಅಂತ ಅಲ್ಲ.

ಬಾಯ್ಲರ್ ವಿಷಯ ಇನ್ನೂ ವಿಚಿತ್ರ. ದೊಡ್ಡ ಕಲ್ಲಿದ್ದಲು ಬಾಯ್ಲರ್ ನೆಲದ ಮೇಲೆ ಕೂತಿರುವುದಿಲ್ಲ. ಬಿಸಿಯಾದಾಗ ಅದು ಕೆಳಕ್ಕೆ ಹಿಗ್ಗಬೇಕು. ಅದಕ್ಕಾಗಿ ಮೇಲಿನ ದೊಡ್ಡ ಗಿರ್ಡರ್‌ಗಳಿಂದ ರಾಡುಗಳ ಮೂಲಕ ಇಡೀ ಬಾಯ್ಲರನ್ನು ತೊಟ್ಟಿಲಿನ ಹಾಗೆ ತೂಗುಹಾಕಿರುತ್ತಾರೆ. ಅಂದರೆ ಅತಿ ಹೆಚ್ಚು ತೂಕ ಕಟ್ಟಡದ ತುದಿಯಲ್ಲಿ. ಕೆಳಗೆ ನಿಂತು ಒಂದು ಬ್ರೇಸಿಂಗ್ (ಕಾಲಂಗಳು ವಾಲದಂತೆ ಹಿಡಿಯುವ ಅಡ್ಡಪಟ್ಟಿ) ಕೊಯ್ದವನಿಗೆ ಅರವತ್ತು ಮೀಟರ್ ಮೇಲೆ ಏನು ಅಲುಗಾಡಿತು ಅಂತ ಗೊತ್ತಾಗುವುದಿಲ್ಲ.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನ ಡಿಡ್‌ಕಾಟ್ ಎ ಸ್ಥಾವರ 2013ರಲ್ಲಿ ಮುಚ್ಚಿತು. 2016ರ ಫೆಬ್ರವರಿ 23ರಂದು ಅದರ ಬಾಯ್ಲರ್ ಹೌಸನ್ನು ಸ್ಫೋಟಕ್ಕೆ ಸಿದ್ಧ ಮಾಡುತ್ತಿದ್ದಾಗ ಒಂದು ಭಾಗ ತಾನಾಗಿಯೇ ಕುಸಿಯಿತು. ನಾಲ್ವರು ಸತ್ತರು. ಉಳಿದ ಭಾಗದ ಹತ್ತಿರ ಯಾರೂ ಹೋಗುವ ಹಾಗಿರಲಿಲ್ಲ. ಜುಲೈನಲ್ಲಿ ರೋಬೋಗಳ ಸಹಾಯದಿಂದ ಸ್ಫೋಟಕ ಇಟ್ಟು ಅದನ್ನು ಬೀಳಿಸಿದರು. ಕೊನೆಯ ಶವ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಮನೆಯವರು ಆರು ತಿಂಗಳಿಗೂ ಹೆಚ್ಚು ಕಾದರು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಒಹಾಯೊದ ಕಿಲೆನ್ ಸ್ಥಾವರದಲ್ಲಿ ಇದೇ ತರಹ ಆಗಿ ಇಬ್ಬರು ಹೋದರು. 2025ರ ನವೆಂಬರ್ 6ರಂದು ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಬಾಯ್ಲರ್ ಟವರ್ ಬಿದ್ದು ಏಳು ಜನ ಸತ್ತರು.

ಮೂರು ದೇಶ, ದುಡ್ಡಿಗೂ ಕಾನೂನಿಗೂ ಕೊರತೆಯಿಲ್ಲದವು. ಡಿಡ್‌ಕಾಟ್‌ನಲ್ಲೂ ಉಲ್ಸಾನ್‌ನಲ್ಲೂ ಹೊತ್ತು ಒಂದೇ: ಕಟ್ಟಡವನ್ನು ಬೀಳಿಸಲು ತಯಾರಿ ನಡೆಯುತ್ತಿತ್ತು, ಬೀಳಿಸುವ ದಿನ ಇನ್ನೂ ಬಂದಿರಲಿಲ್ಲ, ಒಳಗೆ ಜನ ಇದ್ದರು. ಆಡಿಟರ್ ಯಾವ ದಿನ ಸೈಟಿನಲ್ಲಿ ಇರಲೇಬೇಕು ಅಂತ ಕೇಳಿದರೆ ನಾನು ಹೇಳುವುದು ಈ ತಯಾರಿಯ ದಿನಗಳು. ಸ್ಫೋಟದ ದಿನ ಎಲ್ಲರೂ ದೂರ ನಿಂತಿರುತ್ತಾರೆ, ಮಂತ್ರಿಗಳೂ ಬಂದಿರುತ್ತಾರೆ. ಅವತ್ತು ಆಡಿಟರ್ ಇಲ್ಲದಿದ್ದರೂ ನಡೆದೀತು.

ಆಡಿಟರ್ ಬಂದ ತಕ್ಷಣ ಮೊದಲು ಏನು ಕೇಳುತ್ತಾರೆ?

ಒಬ್ಬೊಬ್ಬರದು ಒಂದೊಂದು ರೀತಿ. ನಾನು ಮೊದಲು ಕೇಳುವುದು ಕೆಡವುವ ಕ್ರಮದ ಬರಹ. ಯಾವುದು ಮೊದಲು, ಯಾವುದು ಆಮೇಲೆ, ಪ್ರತಿ ಹಂತದಲ್ಲಿ ಉಳಿದ ಭಾಗ ಏನನ್ನು ಆಧರಿಸಿ ನಿಂತಿರುತ್ತದೆ, ಇದನ್ನು ಲೆಕ್ಕ ಹಾಕಿದ ಸ್ಟ್ರಕ್ಚರಲ್ ಎಂಜಿನಿಯರ್ ಯಾರು. ಬರಹ ಸಿಕ್ಕ ಮೇಲೆ ಆಫೀಸಿನಲ್ಲಿ ಕೂರಬಾರದು. ಅದನ್ನು ಹಿಡಿದುಕೊಂಡು ಕೊಯ್ಯುವ ಜಾಗಕ್ಕೆ ಹೋಗಬೇಕು. ಕಟ್ಟರ್ ಕೆಳಗಿಳಿದಾಗ ಕೇಳಬೇಕು: "ಈಗ ಇದನ್ನು ಕೊಯ್ದರೆ ಏನು ಕೆಳಗೆ ಬರುತ್ತೆ? ಯಾವ ಕಡೆ ಬರುತ್ತೆ? ನೀವು ಎಲ್ಲಿಗೆ ಓಡ್ತೀರಿ?" ಆತ ಹೇಳುವುದಕ್ಕೂ ಕಾಗದಕ್ಕೂ ತಾಳೆ ಆದರೆ ಅರ್ಧ ಆಡಿಟ್ ಮುಗಿದ ಹಾಗೆ. "ಮೇಸ್ತ್ರಿ ಹೇಳಿದ್ರು, ಕೊಯ್ತಾ ಇದೀನಿ" ಅಂದರೆ ಆ ಜಾಗದ ಪರ್ಮಿಟ್ ಅಲ್ಲೇ ನಿಲ್ಲಬೇಕು.

ಇನ್ನೊಂದು ಗಮನಿಸುವುದು, ಕಾಗದದಲ್ಲಿಲ್ಲದ ಬದಲಾವಣೆಗಳು. ಮೂವತ್ತು ನಲವತ್ತು ವರ್ಷ ನಡೆದ ಸ್ಥಾವರದಲ್ಲಿ ಯಾವ್ಯಾವುದೋ ಕಾಲದಲ್ಲಿ ಪೈಪ್ ಸೇರಿಸಿರುತ್ತಾರೆ, ಬ್ರೇಸಿಂಗ್ ತೆಗೆದು ದಾರಿ ಮಾಡಿರುತ್ತಾರೆ, ಹೊಸ ಪ್ಲಾಟ್‌ಫಾರಂ ಬೆಸೆದಿರುತ್ತಾರೆ. ಡ್ರಾಯಿಂಗ್ ಹಳೆಯದೇ ಇರುತ್ತದೆ. ಜತೆಗೆ ಕಾಲಂ ಬುಡ ಬೂದಿಯ ನೀರಿನಲ್ಲಿ ತುಕ್ಕು ಹಿಡಿದು ತೆಳುವಾಗಿರುತ್ತದೆ. ಇಂಥದ್ದಕ್ಕೆ ನಿವೃತ್ತ ಮೆಂಟೆನೆನ್ಸ್ ಫೋರ್‌ಮನ್ ಒಬ್ಬರನ್ನು ಕರೆಸಿ ಒಂದು ದಿನ ಸುತ್ತಿಸಿ ಅಂತ ಸಲಹೆ ಕೊಡುತ್ತೇನೆ. ಕಂಟ್ರಾಕ್ಟರ್‌ಗಳಿಗೆ ಇದು ದಂಡದ ಖರ್ಚು ಅನ್ನಿಸುತ್ತದೆ.

ಸ್ಥಾವರ ಮುಚ್ಚಿ ಐದಾರು ವರ್ಷ ಆಗಿದೆ. ಕರೆಂಟಿನ ಭಯ ಇಲ್ಲ ಅಲ್ವಾ?

ಇದೆ. ಸ್ಥಾವರ ಕರೆಂಟ್ ಹುಟ್ಟಿಸುವುದನ್ನು ನಿಲ್ಲಿಸಿರಬಹುದು. ಆದರೆ ಕರೆಂಟನ್ನು ಹೊರಗಿನ ಲೈನಿಗೆ ಕೊಡುವ ಸ್ವಿಚ್‌ಯಾರ್ಡ್ ಹಲವು ಕಡೆ ಸಬ್‌ಸ್ಟೇಷನ್ ಆಗಿ ನಡೆಯುತ್ತಲೇ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಕರೆಂಟ್ ಬರುವ ಕೇಬಲ್ ಒಂದಾದರೂ ಮರೆತಿರುತ್ತಾರೆ. ಲೈಟಿಗೆ, ಪಂಪಿಗೆ ತಾತ್ಕಾಲಿಕ ಲೈನ್ ಎಳೆದಿರುತ್ತಾರೆ. ಬ್ಯಾಟರಿ ರೂಮಿನ ಡಿಸಿ ಬೇರೆ. ನಿಯಮ ಸರಳ: ಟೆಸ್ಟ್ ಮಾಡಿ, ಅರ್ತ್ ಮಾಡಿ, ಬೀಗ ಹಾಕಿ, ಬೀಗದ ಕೈ ಕೇಬಲ್ ಕೊಯ್ಯುವವನ ಜೇಬಿನಲ್ಲಿ. ಅಲ್ಲಿಯವರೆಗೆ ಪ್ರತಿ ಕೇಬಲ್ಲೂ ಲೈವ್ ಅಂತಲೇ ಲೆಕ್ಕ. ಕೇಬಲ್ ಟ್ರೇಯಲ್ಲಿ ನೂರು ಕೇಬಲ್ ಒಟ್ಟಿಗೆ ಮಲಗಿರುವಾಗ ಒಂದನ್ನು ನೋಡಿ ಇದೇ ಅದು ಅಂತ ಹೇಳುವವರ ಮಾತು ನಂಬಬೇಡಿ. ಎರಡೂ ತುದಿಯಲ್ಲಿ ಗುರುತು ಹಚ್ಚಿದ್ದು ಮಾತ್ರ ಕೊಯ್ಯಬೇಕು.

ಕರೆಂಟ್ ಅಲ್ಲದೆ ಬೇರೆ ಶಕ್ತಿಗಳೂ ಅಡಗಿರುತ್ತವೆ. ದೊಡ್ಡ ಜನರೇಟರ್‌ಗಳನ್ನು ತಂಪು ಮಾಡಲು ಹೈಡ್ರೋಜನ್ ತುಂಬಿರುತ್ತಾರೆ. ಗಾಳಿಯಲ್ಲಿ 4ರಿಂದ 75 ಶೇಕಡಾ ಬೆರೆತರೆ ಅದು ಹತ್ತಿಕೊಳ್ಳುತ್ತದೆ. ಅದನ್ನು ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಹೊರಗೆ ಹಾಕಿ, ಆಮೇಲೆ ಗಾಳಿ ತುಂಬಿದ್ದಾರೆ ಅನ್ನುವ ದಾಖಲೆ ಕೇಳಿ. ಪೈಪುಗಳನ್ನು ತಾಳುವ ಸ್ಪ್ರಿಂಗ್ ಹ್ಯಾಂಗರ್‌ಗಳು ಬಿಗಿಯಾಗಿಯೇ ಇರುತ್ತವೆ. ಪೈಪ್ ಕೊಯ್ದರೆ ಅವು ಮೇಲಕ್ಕೆ ಚಿಮ್ಮುತ್ತವೆ.

ಗ್ಯಾಸ್ ಕಟಿಂಗ್‌ನಲ್ಲಿ ಆಡಿಟರ್ ಏನೇನು ನೋಡಬೇಕು?

ಇಲ್ಲಿ ಸಮಯ ಕೊಡಿ. ಅಪಘಾತಗಳ ದೊಡ್ಡ ಪಾಲು ಈ ಟಾರ್ಚಿನ ಸುತ್ತಲೇ ಇರುತ್ತದೆ.

ಸಿಲಿಂಡರ್ ನೆಟ್ಟಗೆ ನಿಂತಿದೆಯಾ, ಚೈನ್ ಇದೆಯಾ, ಟಾರ್ಚ್ ಕಡೆಗೂ ಸಿಲಿಂಡರ್ ಕಡೆಗೂ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಬೆಂಕಿ ಪೈಪಿನೊಳಗೆ ಹಿಂದಕ್ಕೆ ಹೋಗದಂತೆ ತಡೆಯುವ ಸಾಧನ) ಇದೆಯಾ, ಪೈಪಿಗೆ ತಂತಿ ಸುತ್ತಿ ತೇಪೆ ಹಾಕಿದ್ದಾರಾ? ಇವು ಎಲ್ಲ ಚೆಕ್‌ಲಿಸ್ಟ್‌ನಲ್ಲೂ ಇವೆ. ಇಲ್ಲದವು ಕೆಲವು ಇವೆ. ಸೆಕೆಗೆ ಕಟ್ಟರ್‌ಗಳು ಆಕ್ಸಿಜನ್ ಪೈಪನ್ನೇ ಅಂಗಿಯೊಳಗೆ ಹಿಡಿದು ಗಾಳಿ ಹಾಕಿಕೊಳ್ಳುತ್ತಾರೆ, ಬಟ್ಟೆಯ ಧೂಳು ಕೊಡವುತ್ತಾರೆ. ಆಕ್ಸಿಜನ್ ಹೀರಿದ ಬಟ್ಟೆಗೆ ಒಂದು ಕಿಡಿ ಸಾಕು, ಕಳಚುವಷ್ಟರಲ್ಲಿ ಮೈಯೆಲ್ಲ ಬೆಂಕಿ. ಇದನ್ನು ಪ್ರತಿ ಬೆಳಗಿನ ಮಾತುಕತೆಯಲ್ಲಿ ಹೇಳಿಸಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೇಬಲ್ ಟ್ರೆಂಚಿನಲ್ಲಿ ಹೋಗಿ ಕೂರುತ್ತದೆ. ಊಟಕ್ಕೆ ಹೋಗುವಾಗ ಟಾರ್ಚಿನ ವಾಲ್ವ್ ಮುಚ್ಚಿ ಸಿಲಿಂಡರ್ ವಾಲ್ವ್ ತೆರೆದಿಟ್ಟು ಹೋಗುವ ಅಭ್ಯಾಸ ಇದ್ದರೆ ವರದಿಯ ಮೊದಲ ಪುಟದಲ್ಲೇ ಬರೆಯಿರಿ.

ಕೊಯ್ದು ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಒಬ್ಬರು ನೀರು ಹಿಡಿದು ಕಾಯಬೇಕು. ಹಳೆಯ ಕೂಲಿಂಗ್ ಟವರಿನೊಳಗೆ ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಗಳಿರುತ್ತವೆ. ಕನ್ವೇಯರ್ ಬೆಲ್ಟ್ ರಬ್ಬರು. ಬಂಕರ್ ಮೂಲೆಯಲ್ಲಿ ಕಲ್ಲಿದ್ದಲ ಪುಡಿ. ಮಧ್ಯಾಹ್ನ ಬಿದ್ದ ಕಿಡಿ ರಾತ್ರಿ ಹೊತ್ತಿಕೊಳ್ಳುತ್ತದೆ.

ಇನ್ನು ತೂಕ. ಹತ್ತು ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ ಒಂದು ಚದರ ಮೀಟರಿಗೆ ಸುಮಾರು 78 ಕೆಜಿ ತೂಗುತ್ತದೆ. ಇದನ್ನು ಎಲ್ಲ ರಿಗ್ಗರ್‌ಗಳೂ ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪುವುದು ಒಳಗಿರುವ ಬೂದಿಯಲ್ಲಿ. ಹೊಗೆ ಸಾಗುವ ಡಕ್ಟ್, ಬೂದಿ ಬೀಳುವ ಹಾಪರ್, ಹೊಗೆಯಿಂದ ಬೂದಿ ಹಿಡಿಯುವ ಇಎಸ್‌ಪಿ ಪೆಟ್ಟಿಗೆಗಳೊಳಗೆ ಹಾರುಬೂದಿ ಕೂತು, ಮಳೆ ನೀರು ಕುಡಿದು, ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ಕ್ರೇನ್ ಎತ್ತಿದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಎತ್ತುವ ಮೊದಲು ಬಾಗಿಲು ತೆಗೆದು ನೋಡಿದ್ದಾರಾ ಅಂತ ಕೇಳಿ. ಫೋಟೊ ಇದೆ ಅಂದರೆ ತಾರೀಕು ನೋಡಿ.

ಹೊಗೆ, ಧೂಳು ದಿನಾ ಇದ್ದಿದ್ದೇ. ಬೆಲ್ಲ ತಿಂದರೆ ಹೋಗುತ್ತೆ ಅಂತಾರೆ?

ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಶ್ವಾಸಕೋಶಕ್ಕೆ. ಎರಡೂ ಎಲ್ಲೂ ಭೇಟಿಯಾಗುವುದಿಲ್ಲ. ತಿನ್ನಿ, ಬೇಡ ಅನ್ನುವುದಿಲ್ಲ. ಮಾಸ್ಕ್ ತೆಗೆಯಬೇಡಿ, ಅಷ್ಟೇ.

ಹಳೆಯ ಉಕ್ಕಿನ ಮೇಲೆ ಕೆಂಪು ಸೀಸದ ಪ್ರೈಮರ್ ಇರುತ್ತದೆ. ಅದರ ಮೇಲೆ ಟಾರ್ಚ್ ಹಿಡಿದರೆ ಸೀಸದ ಹೊಗೆ ಒಳಗೆ ಹೋಗುತ್ತದೆ. ಹೊಟ್ಟೆನೋವು, ಸುಸ್ತು, ಕೈ ಸೋಲುವುದು ನಿಧಾನಕ್ಕೆ ಬರುತ್ತವೆ. ಕೊಯ್ಯುವ ಗೆರೆಯ ಎರಡೂ ಬದಿ ಬಣ್ಣ ಕೆರೆದು ಆಮೇಲೆ ಕೊಯ್ಯಬೇಕು. ಕೆಲಸದ ಬಟ್ಟೆ ಮನೆಗೆ ತರಬಾರದು, ಮಕ್ಕಳಿಗೆ ಸೀಸ ದೊಡ್ಡವರಿಗಿಂತ ಹೆಚ್ಚು ಕೆಡುಕು. ಜಿಂಕ್ ಲೇಪದ ಉಕ್ಕು ಕೊಯ್ದ ಸಂಜೆ ಚಳಿಜ್ವರ ಬಂದು ಬೆಳಿಗ್ಗೆ ಇಳಿದರೆ ಅದು ಮಲೇರಿಯಾ ಇರಲಿಕ್ಕಿಲ್ಲ. ಲೋಹದ ಹೊಗೆಯ ಜ್ವರ ಹಾಗೇ ಬರುತ್ತದೆ. ಡಾಕ್ಟರ್ ಹತ್ತಿರ ಹೋದಾಗ ಏನು ಕೊಯ್ದಿರಿ ಅಂತ ತಪ್ಪದೆ ಹೇಳಿ. ಬಣ್ಣದ ಮೇಲೆ ಕೊಯ್ಯುವವರು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅದು ಕಂಟ್ರಾಕ್ಟರ್ ಖರ್ಚು.

ಕಲ್ನಾರು, ಅಂದರೆ ಆಸ್ಬೆಸ್ಟಾಸ್, ನಮ್ಮ ಮನೆ ಮೇಲೂ ಇದೆ. ಅದಕ್ಕೆ ಇಷ್ಟು ಗಲಾಟೆ ಯಾಕೆ?

ಮಾಡಿನ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತದೆ. ಒಡೆಯದೆ, ಕೊರೆಯದೆ ಇದ್ದರೆ ಹೆಚ್ಚು ಹಾರುವುದಿಲ್ಲ. ಹಳೆಯ ಸ್ಥಾವರದ ಸ್ಟೀಮ್ ಪೈಪು, ಟರ್ಬೈನ್ ಕವಚದ ಮೇಲೆ ಸುತ್ತಿದ್ದು ಬೇರೆ. ಅದು ಮುಟ್ಟಿದರೆ ಉದುರುತ್ತದೆ. ಕಣ್ಣಿಗೆ ಕಾಣದ ನಾರು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ಕೆಲವರಿಗೆ ನಲವತ್ತು ವರ್ಷ ಆದ ಮೇಲೆ. ಅಷ್ಟರಲ್ಲಿ ಕಂಟ್ರಾಕ್ಟರ್ ಎಲ್ಲಿ, ಸೈಟ್ ಎಲ್ಲಿ?

ಈ ಕಾರಣಕ್ಕೇ ಸುಪ್ರೀಂ ಕೋರ್ಟ್ 1995ರಲ್ಲಿ ಕಲ್ನಾರು ಕೆಲಸಗಾರರ ಪ್ರಕರಣವೊಂದರಲ್ಲಿ, ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕು ಎಂದು ಹೇಳಿತು. ಕೆಡವುವ ಕೆಲಸದ ಸಬ್‌ಕಂಟ್ರಾಕ್ಟರ್ ಹತ್ತಿರ ನಲವತ್ತು ದಿನದ ಹಾಜರಾತಿ ಪುಸ್ತಕ ಸಿಕ್ಕರೆ ನಮ್ಮ ಪುಣ್ಯ. ಅದಕ್ಕೇ ಹೇಳುವುದು: ನಿಮ್ಮ ಎಕ್ಸ್‌ರೇ, ಉಸಿರಾಟದ ಪರೀಕ್ಷೆಯ ವರದಿ, ಯಾವ ಸೈಟಿನಲ್ಲಿ ಯಾವಾಗ ಇದ್ದಿರಿ ಅನ್ನುವುದು, ಎಲ್ಲದರ ಒಂದು ಪ್ರತಿ ನಿಮ್ಮ ಮನೆಯ ಟ್ರಂಕಿನಲ್ಲೇ ಇರಲಿ.

ಆಡಿಟರ್ ಇಲ್ಲಿ ನೋಡುವುದು ಕ್ರಮವನ್ನು. ಕೆಡವುವ ಮೊದಲು ಸರ್ವೆ ಆಗಿದೆಯಾ, ಮಾದರಿಗಳನ್ನು ಲ್ಯಾಬಿಗೆ ಕಳಿಸಿದ್ದಾರಾ? ಒದ್ದೆ ಮಾಡಿ ತೆಗೆಯುತ್ತಿದ್ದಾರಾ, ಒಣಗಿದ್ದನ್ನು ಕಿತ್ತು ಕೆಳಗೆಸೆಯುತ್ತಿದ್ದಾರಾ? ಎರಡು ಪದರದ ಚೀಲ, ಬರಹ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಜಾಗಕ್ಕೆ ಹೋದ ಚೀಟಿ. ಚೀಲ ಎಷ್ಟು ಹೊರಟಿತು, ಎಷ್ಟು ಅಲ್ಲಿ ಮುಟ್ಟಿತು ಅಂತ ಎರಡೂ ಸಂಖ್ಯೆ ತಾಳೆ ಹಾಕಿ. ಮಧ್ಯೆ ಕಳೆದುಹೋದವು ಯಾವುದೋ ಹಳ್ಳದಲ್ಲಿ ಬಿದ್ದಿರುತ್ತವೆ. ಬಟ್ಟೆಯ ಮಾಸ್ಕ್ ಇದಕ್ಕೆ ಲೆಕ್ಕವೇ ಅಲ್ಲ.

ನಾನು ಗುಜರಿ ವ್ಯಾಪಾರಿ. ಸ್ಥಾವರದ ಮಾಲು ಕೊಳ್ಳುವಾಗ ಏನು ಮುಟ್ಟಬಾರದು?

ಎರಡು ವಸ್ತು ನೆನಪಿಡಿ.

ಒಂದು, ಹಳದಿ ಹಿನ್ನೆಲೆಯ ಮೇಲೆ ಮೂರು ದಳದ ಗುರುತು ಇರುವ ಭಾರವಾದ ಲೋಹದ ಡಬ್ಬಿ. ಹಾಪರ್‌ನಲ್ಲಿ ಬೂದಿ, ಬಂಕರ್‌ನಲ್ಲಿ ಕಲ್ಲಿದ್ದಲು ಎಷ್ಟು ತುಂಬಿದೆ ಅಂತ ಅಳೆಯಲು ಕೆಲವು ಸ್ಥಾವರಗಳಲ್ಲಿ ವಿಕಿರಣ ಮೂಲ ಬಳಸುತ್ತಾರೆ. ಸೀಸ ಇದೆ, ಒಳ್ಳೇ ರೇಟು ಬರುತ್ತೆ ಅಂತ ಒಡೆದರೆ ಕಥೆ ಮುಗಿಯಿತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಹೀಗೇ ಆಯಿತು. ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಹಳೆಯ ಯಂತ್ರದಲ್ಲಿ ಕೋಬಾಲ್ಟ್-60 ಇತ್ತು. ಬಿಚ್ಚಿದವರು, ಅಕ್ಕಪಕ್ಕದವರು ಕಾಯಿಲೆ ಬಿದ್ದರು, ಒಬ್ಬರು ಸತ್ತರು. ಇಂಥ ಮೂಲಗಳ ಪಟ್ಟಿ ಸ್ಥಾವರದಲ್ಲಿ ಇರಲೇಬೇಕು. ಅವನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಂದ ಮೊದಲೇ ಸಾಗಿಸಿರಬೇಕು. ಆಡಿಟರ್ ಆ ಪಟ್ಟಿ ನೋಡದೆ ಕೆಡವಲು ಒಪ್ಪಬಾರದು.

ಎರಡು, ಹಳೆಯ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳ ಎಣ್ಣೆ. ಕೆಲವದರಲ್ಲಿ ಪಿಸಿಬಿ ಅನ್ನುವ ರಾಸಾಯನಿಕ ಇರುತ್ತದೆ. 2016ರ ಕೇಂದ್ರ ಆದೇಶದ ಪ್ರಕಾರ 2025ರ ಡಿಸೆಂಬರ್ 31ಕ್ಕೆ ಅದರ ಬಳಕೆ ನಿಂತಿರಬೇಕು. ಪರೀಕ್ಷೆ ಆಗದ ಎಣ್ಣೆಯನ್ನು ಒಲೆಗೆ, ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೊಡುವುದು, ಮಾರುವುದು ಮಾಡಬೇಡಿ. ಸುಟ್ಟರೆ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ.

ಸ್ಫೋಟಕ ಇಟ್ಟು ಒಂದೇ ಸಲ ಬೀಳಿಸುವುದು ಒಳ್ಳೆಯದಾ, ಬಿಚ್ಚುತ್ತಾ ಬರುವುದಾ?

ಕಟ್ಟಡ ನೋಡಿ ಹೇಳಬೇಕು. ಎತ್ತರದ ಚಿಮಣಿ, ಕೂಲಿಂಗ್ ಟವರ್‌ಗಳಿಗೆ ಸುತ್ತ ಜಾಗ ಇದ್ದರೆ ಸ್ಫೋಟವೇ ಸುರಕ್ಷಿತ, ಎತ್ತರದಲ್ಲಿ ಜನ ಇರುವ ಹೊತ್ತು ಕಡಿಮೆಯಾಗುತ್ತದೆ. ಸೂರತ್‌ನ ಉತ್ರಾಣ್ ಸ್ಥಾವರದ 85 ಮೀಟರ್ ಎತ್ತರದ ಕೂಲಿಂಗ್ ಟವರನ್ನು 2023ರ ಮಾರ್ಚ್ 21ರಂದು ಸುಮಾರು 220 ಕೆಜಿ ಸ್ಫೋಟಕದಿಂದ ಕೆಲವೇ ಸೆಕೆಂಡಿನಲ್ಲಿ ಬೀಳಿಸಿದರು. ಆಡಿಟರ್ ನೋಡುವುದು ಸ್ಫೋಟಕ ಇಲಾಖೆಯ ಪರವಾನಗಿ, ಮದ್ದು ಸಿಡಿಸುವ ಶಾಟ್‌ಫೈರರ್‌ನ ಪ್ರಮಾಣಪತ್ರ, ಜನ ಹತ್ತಿರ ಬರದಂತೆ ಹಾಕಿದ ಗಡಿ, ಸಿಡಿಯದೇ ಉಳಿದ ಮದ್ದನ್ನು ಯಾರು ಹುಡುಕುತ್ತಾರೆ ಅನ್ನುವುದು. ಧೂಳು ಅಡಗುವ ಮೊದಲೇ ಸೆಲ್ಫಿಗೆ ಓಡುವವರನ್ನು ತಡೆಯಲು ಪೊಲೀಸರು ಬೇಕಾಗುತ್ತಾರೆ.

ಮಳೆಗಾಲದಲ್ಲಿ ಕೆಲಸ ನಿಲ್ಲಿಸಬೇಕಾ?

ಸಕಲೇಶಪುರದ ಮಳೆಯಲ್ಲಿ ಹುಟ್ಟಿ ಬೆಳೆದವರಿಗೆ ಮಳೆ ಲೆಕ್ಕಕ್ಕಿಲ್ಲ, ಗೊತ್ತು. ಒದ್ದೆ ಉಕ್ಕಿನ ಮೇಲೆ ಆ ಮಾತು ನಡೆಯುವುದಿಲ್ಲ. ಮಳೆ ಬೀಳುವಾಗ ಎತ್ತರದ ಕಟಿಂಗ್ ನಿಲ್ಲಬೇಕು. ಏಪ್ರಿಲ್, ಮೇ ಗುಡುಗಿಗಂತೂ ಮೊದಲ ಸದ್ದಿಗೇ ಇಳಿಯಬೇಕು. ಜೋರು ಮಳೆ ಅಥವಾ ಗಾಳಿ ಬಂದುಹೋದ ಮೇಲೆ ಅರ್ಧ ಕೊಯ್ದ ಭಾಗವನ್ನು ಎಂಜಿನಿಯರ್ ಮತ್ತೆ ನೋಡದೆ ಯಾರೂ ಹತ್ತಬಾರದು.

ಬಿಸಿಲೂ ಅಷ್ಟೇ ಮುಖ್ಯ. ಮಲೆನಾಡಿನ ಹವೆಗೆ ಒಗ್ಗಿದವರು ರಾಯಚೂರು, ಬಳ್ಳಾರಿ ಬೇಸಿಗೆಗೆ ಹೋದಾಗ ಮೊದಲ ವಾರದಲ್ಲೇ ಪೂರ್ಣ ಪ್ರಮಾಣದ ಕೆಲಸ ಹಾಕಿಸಬಾರದು. ಮೈ ಒಗ್ಗಲು ಒಂದೆರಡು ವಾರ ಬೇಕು.

ಕಾನೂನು ಏನು ಹೇಳುತ್ತದೆ?

ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಕೆಡವುವ ಕೆಲಸವೂ ಸೇರಿತ್ತು. 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಸಂಹಿತೆ ಜಾರಿಗೆ ಬಂದು ಆ ಕಾಯ್ದೆ ಅದರೊಳಗೆ ಸೇರಿತು. ಹಳೆಯ ನಿಯಮದಲ್ಲಿ 500 ಕೆಲಸಗಾರರಿದ್ದರೆ ಸೇಫ್ಟಿ ಆಫೀಸರ್ ಕಡ್ಡಾಯ ಇತ್ತು. ಸಂಹಿತೆಯಲ್ಲಿ ಕಟ್ಟಡ ಕೆಲಸಕ್ಕೆ ಅದು 250. ಇನ್ನೂರು ಜನ ಒಂದು ಸಬ್‌ಕಂಟ್ರಾಕ್ಟರ್, ಇನ್ನೂರು ಜನ ಇನ್ನೊಂದು ಅಂತ ಹಂಚಿ ಲೆಕ್ಕ ತಪ್ಪಿಸುವುದು ಹಳೆಯ ಆಟ. ಆಡಿಟರ್ ಗೇಟಿನ ರಿಜಿಸ್ಟರ್ ನೋಡಿ ತಲೆ ಎಣಿಸಬೇಕು.

ನೀವು 18ರಿಂದ 60 ವರ್ಷದವರಾಗಿದ್ದು, ಹಿಂದಿನ ವರ್ಷದಲ್ಲಿ 90 ದಿನ ಈ ಕೆಲಸ ಮಾಡಿದ್ದರೆ, ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಿ. ಹಾಸನದ ಕಾರ್ಮಿಕ ಇಲಾಖೆ ಕಚೇರಿಯಲ್ಲೇ ಮಾಹಿತಿ ಸಿಗುತ್ತದೆ.

ಆಡಿಟರ್‌ಗೆ ನಿಜ ಹೇಳಿದರೆ ನಮ್ಮ ಕೆಲಸ ಹೋಗಲ್ವಾ?

ಹೋಗಬಹುದು ಅನ್ನುವ ಭಯ ಸುಳ್ಳಲ್ಲ. ಅದಕ್ಕೆ ಒಳ್ಳೆಯ ಆಡಿಟರ್ ಮೇಸ್ತ್ರಿ ಪಕ್ಕ ನಿಂತಿರುವಾಗ ಪ್ರಶ್ನೆ ಕೇಳುವುದಿಲ್ಲ, ವರದಿಯಲ್ಲಿ ಹೆಸರು ಬರೆಯುವುದಿಲ್ಲ. ಟೀ ಹೊತ್ತಿನಲ್ಲಿ, ಹತ್ತು ಜನರ ಜತೆ ಮಾತಾಡುತ್ತಾರೆ, ಯಾರು ಏನು ಹೇಳಿದರು ಅಂತ ಗೊತ್ತಾಗಬಾರದು. ಭಾಷೆಯೂ ಬೇಕು. ಒಂದೇ ಸೈಟಿನಲ್ಲಿ ಜಾರ್ಖಂಡ್, ಬಂಗಾಳ, ಬಿಹಾರದವರ ನಡುವೆ ನಮ್ಮವರು ನಾಲ್ಕು ಜನ ಇರುತ್ತಾರೆ. ಬೆಳಗಿನ ಮಾತುಕತೆ ಬರೀ ಹಿಂದಿಯಲ್ಲಿ ನಡೆದು, ಎಲ್ಲರೂ ಸಹಿ ಹಾಕಿದ್ದರೆ, ಆ ಸಹಿಗಳಿಗೆ ಬೆಲೆ ಇಲ್ಲ. "ಬೆಳಿಗ್ಗೆ ಏನು ಹೇಳಿದ್ರು?" ಅಂತ ನಮ್ಮವರನ್ನು ಕನ್ನಡದಲ್ಲಿ ಕೇಳಿದರೆ ತಿಳಿಯುತ್ತದೆ.

ನೂರಕ್ಕೆ ತೊಂಬತ್ತೆಂಟು ಅಂಕ ಬಂದ ಆಡಿಟ್ ವರದಿ ನೋಡಿದರೆ ನನಗೆ ಅನುಮಾನ ಬರುತ್ತದೆ. ಸಣ್ಣಪುಟ್ಟ ಗಾಯ, ಕೂದಲೆಳೆಯಲ್ಲಿ ತಪ್ಪಿದ್ದು, ಒಂದೂ ದಾಖಲಾಗಿಲ್ಲ ಅಂದರೆ ಅಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ ಅಂತ ಅರ್ಥ.

ಡಿಪ್ಲೊಮಾ ಮುಗಿಸಿದ್ದೇನೆ. ಈ ಕ್ಷೇತ್ರಕ್ಕೆ ಬರಬಹುದಾ?

ಬನ್ನಿ. ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್ ಯಾವುದಾದರೂ ಸರಿ. ಸರ್ಕಾರದ ಮಾನ್ಯತೆ ಇರುವ ಒಂದು ವರ್ಷದ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಮಾಡಿ. ಹದಿನೈದು ದಿನದಲ್ಲಿ ಸರ್ಟಿಫಿಕೇಟ್ ಕೊಡುವ ಕಡೆ ದುಡ್ಡು ಸುರಿಯಬೇಡಿ. ಆಮೇಲೆ ಎರಡು ಮೂರು ವರ್ಷ ಸೈಟಿನಲ್ಲಿ ಸೇಫ್ಟಿ ಆಫೀಸರ್ ಆಗಿ ದುಡಿಯಿರಿ. ರಿಗ್ಗರ್‌ಗಳ ಜತೆ ಊಟ ಮಾಡದೆ ಆಡಿಟರ್ ಆದವರ ವರದಿ ಓದಿದರೆ ಗೊತ್ತಾಗಿಬಿಡುತ್ತದೆ.

ನಮ್ಮ ತೋಟದಲ್ಲಿ ತಾತನ ಕಾಲದ ಪವರ್ ಹೌಸ್ ಇದೆ. ಬಿಚ್ಚಿ ಮಾರಬೇಕು. ಇದಕ್ಕೂ ಆಡಿಟರ್ ಬೇಕಾ?

ದೊಡ್ಡ ತಂಡ ಬೇಡ, ತಿಳಿದವರೊಬ್ಬರು ಒಂದು ದಿನ ಬಂದು ನೋಡಲಿ. ಮೊದಲು ಚೆಸ್ಕ್ ಅಥವಾ ಮೆಸ್ಕಾಂನವರಿಂದ ಲೈನ್ ಬಿಡಿಸಿ, ಬರಹದಲ್ಲಿ ತೆಗೆದುಕೊಳ್ಳಿ. ಮೇಲಿನ ಗೇಟು ಮುಚ್ಚಿ, ಅದು ಯಾರೋ ತೆರೆಯದ ಹಾಗೆ ಬೀಗ ಹಾಕಿ. ನೀರಿನ ದೊಡ್ಡ ಪೈಪನ್ನು ನಿಧಾನಕ್ಕೆ ಖಾಲಿ ಮಾಡಿ, ಗಾಳಿ ಹೋಗುವ ಕಿಂಡಿ ಎಲೆ, ಮಣ್ಣು ಕಟ್ಟಿ ಮುಚ್ಚಿಲ್ಲ ಅಂತ ನೋಡಿ. ಮುಚ್ಚಿದ್ದರೆ ಒಳಗೆ ನಿರ್ವಾತ ಆಗಿ ಪೈಪ್ ಅಪ್ಪಚ್ಚಿಯಾಗುತ್ತದೆ.

ಇಳಿಜಾರಿನಲ್ಲಿ ಮಲಗಿದ ಪೈಪನ್ನು ಕೆಳಗಿನಿಂದ ಕೊಯ್ಯಬೇಡಿ, ಮೇಲಿನದೆಲ್ಲ ಜಾರಿ ಬರುತ್ತದೆ. ಪ್ರತಿ ತುಂಡನ್ನೂ ಮೊದಲು ಕಟ್ಟಿ, ಆಮೇಲೆ ಕೊಯ್ಯಿರಿ. ಪೈಪಿನೊಳಗೆ, ನೀರಿನ ಗುಂಡಿಯೊಳಗೆ ಇಳಿಯುವ ಮೊದಲು ಆಕ್ಸಿಜನ್ ಅಳೆಯಬೇಕು. ಮಾಮೂಲು ಗಾಳಿಯಲ್ಲಿ 20.9 ಶೇಕಡಾ ಇರುತ್ತದೆ, 19.5ಕ್ಕಿಂತ ಕಡಿಮೆ ತೋರಿಸಿದರೆ ಇಳಿಯಬಾರದು. ಮುಚ್ಚಿದ ಕಬ್ಬಿಣದ ಪೈಪಿನಲ್ಲಿ ತುಕ್ಕೇ ಆಕ್ಸಿಜನ್ ತಿಂದುಹಾಕಿರುತ್ತದೆ. ಬಿದ್ದವನನ್ನು ಎತ್ತಲು ಇನ್ನೊಬ್ಬ ಹಾಗೇ ಇಳಿದು ಇಬ್ಬರೂ ಹೋಗುವುದು ಬಾವಿಗಳಲ್ಲಿ ನಾವು ನೋಡಿದ್ದೇ.

ಹಳೆಯ ಸ್ವಿಚ್‌ಬೋರ್ಡ್ ಹಲಗೆಯಲ್ಲಿ ಕಲ್ನಾರು ಇರಬಹುದು, ಕೊರೆಯಬೇಡಿ, ಬೋಲ್ಟ್ ಬಿಚ್ಚಿ ಇಡಿಯಾಗಿ ತೆಗೆಯಿರಿ. ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಹಳ್ಳಕ್ಕೆ ಬಿಡಬೇಡಿ, ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ. ಬಿಚ್ಚುವವರ ಹೆಸರು, ವಿಮೆ, ಯಾವ ಆಸ್ಪತ್ರೆಗೆ ಎಷ್ಟು ಹೊತ್ತಿನಲ್ಲಿ ತಲುಪಬಹುದು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿ. ತೋಟದ ಆ ಮೂಲೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಎಲ್ಲಿ ಅಂತಲೂ ಅದರಲ್ಲಿ ಇರಲಿ.